ಮೂವರೂ ಒಪ್ಪಿಕೊಂಡ ಕೊಲೆ

ಒಂದಾನೊಂದು ಕಾಲದಲ್ಲಿ ಒಬ್ಬ ರಾಜನಿದ್ದನಂತೆ. ಅವನ ಉಂಗುರ ಕಳುವಾಯಿತಂತೆ. ಅರಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರೆ ಮಂತ್ರಿ ನಾನಲ್ಲ ಅಂದ, ಸೇನಾಪತಿ ನಾನಲ್ಲ ಅಂದ, ಅಡುಗೆಯವಳು ನಾನಲ್ಲ ಅಂದಳು. ಕೊನೆಗೆ ಪಂಜರದ ಗಿಳಿಯೂ ನಾನಲ್ಲ ಅಂದಿತಂತೆ. ಗಿಳಿಯನ್ನು ಯಾರೂ ಕೇಳಿಯೇ ಇರಲಿಲ್ಲ. ಪಂಜರ ತಡಕಿದರು, ಉಂಗುರ ಸಿಕ್ಕಿತು.

ಪುಣ್ಯವಂತ ರಾಜ. ನಾನಲ್ಲ, ನಾನಲ್ಲ ಎನ್ನುವವರ ನಡುವೆ ಕಳ್ಳನನ್ನು ಹುಡುಕುವಷ್ಟೇ ಕಷ್ಟ ಅವನಿಗೆ ಬಂದದ್ದು. ದೊಡ್ಡಮ್ಮನಿಗೆ ಬಂದದ್ದು ಬೇರೆ. ಆ ಮಧ್ಯಾಹ್ನ ಚಿತ್ರಮಂದಿರದ ಮ್ಯಾನೇಜರ ಕೋಣೆಯಲ್ಲಿ ಕೂತಿದ್ದ ಮೂವರೂ ಒಬ್ಬರಾದ ಮೇಲೊಬ್ಬರು ಹೇಳಿದ್ದು ಒಂದೇ ಮಾತು: "ಕೊಂದದ್ದು ನಾನೇ."

ದೊಡ್ಡಮ್ಮ ಹಣೆ ಒತ್ತಿಕೊಂಡಳು.

"ನಾನು ಕೊಲೆ ವಿಷಯ ಕೇಳಲಿಲ್ಲ. ರೀಲು ಎಲ್ಲಿ ಅಂತ ಕೇಳಿದೆ."

"ಅದನ್ನೇ ಹೇಳ್ತಿರೋದು ಕಣಮ್ಮ," ಅಂದರು ಮೂವರಲ್ಲೊಬ್ಬರಾದ ನಟ ಅನುಮಾನದಣ್ಣ. "ಆ ರೀಲಲ್ಲಿ ಕೊಲೆಗಾರ ನಾನು. ಜೀವಮಾನಕ್ಕೆ ಸಿಕ್ಕಿದ್ದು ಅದೊಂದು ಸೀನು. ಅದನ್ನ ನಾನೇ ಕದ್ದು ಮುಚ್ಚಿಡ್ತೀನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ದೊಡ್ಡಮ್ಮ ಬೇಕಾದಷ್ಟು ಕಂಡಿದ್ದಳು. ಹೆಗಲನ್ನು ಮುಂದೆ ಚಾಚಿ ಬೂದಿ ತೋರಿಸುವವರನ್ನು ಕಂಡದ್ದು ಇದೇ ಮೊದಲು.

ಅವಳು ಖಾಸಗಿ ಪತ್ತೇದಾರಿ. ಜತೆಗೆ ಬರುವ ತಂಗಿಯ ಮಗಳು ಕಂಡಕಂಡವರ ಎದುರು ದೊಡ್ಡಮ್ಮ, ದೊಡ್ಡಮ್ಮ ಎಂದು ಕರೆದೂ ಕರೆದೂ, ಈಗ ಪೊಲೀಸರೂ ಹಾಗೇ ಕರೆಯುತ್ತಿದ್ದರು, ಕಳ್ಳರೂ ಹಾಗೇ ಕರೆಯುತ್ತಿದ್ದರು. ಅದೊಂದು ರೇಜಿಗೆಯಾದರೆ, ಪತ್ತೇದಾರಿ ಸಿನಿಮಾ ಎಂದರೆ ಅವಳಿಗೆ ಆಗದು ಎಂಬುದು ಇನ್ನೊಂದು. ಸಿನಿಮಾದಲ್ಲಿ ಸಾಕ್ಷಿಗಳು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಾರೆ ಎಂಬುದೇ ಅವಳ ದೊಡ್ಡ ದೂರು.

ಕಳುವಾದದ್ದಾದರೂ ಏನು? ಒಂದು ಸುರುಳಿ ಫಿಲ್ಮು. ಕೊಡೆ ಸಾಹೇಬ ಎಂಬ ಪತ್ತೇದಾರನ ಚಿತ್ರಗಳು ಒಂದು ಕಾಲದಲ್ಲಿ ಮನೆಮಾತಾಗಿದ್ದವು. ಆರು ಬಂದವು. ಏಳನೆಯದನ್ನು ತೆಗೆದ ಡೈರೆಕ್ಟರು ಅದೇಕೋ ಬಿಡುಗಡೆ ಮಾಡದೆಯೇ ತೀರಿಕೊಂಡರು. ಈಗ, ಎಲ್ಲರ ತಲೆ ನೆರೆತ ಮೇಲೆ, ಈ ಚಿತ್ರಮಂದಿರದ ಉಗ್ರಾಣದಲ್ಲಿ ಅದರ ಡಬ್ಬಿಗಳು ಸಿಕ್ಕಿದ್ದವು. ಊರಿಗೆ ಊರೇ ಟಿಕೆಟ್ಟಿಗೆ ಮುಗಿಬಿದ್ದಿತ್ತು.

ಗೋಡೆಯಾಚೆ ಆ ಏಳನೇ ಚಿತ್ರ ಆಗಲೇ ಓಡುತ್ತಿತ್ತು. ಕಿಕ್ಕಿರಿದ ಜನ. ಕೊನೆಯ ರೀಲು ಮಾತ್ರ ಇರಲಿಲ್ಲ.

ಮೇಲೆ ಪ್ರೊಜೆಕ್ಟರ್ ಕೋಣೆಯಲ್ಲಿ ಆಪರೇಟರ್ ಒಂದೊಂದೇ ಸುರುಳಿಯನ್ನು ಏರಿಸಿ ಇಳಿಸುತ್ತಿದ್ದ. ಹಿಂದಿನ ದಿನ ಅವನು ಎಲ್ಲ ಸುರುಳಿಗಳನ್ನೂ ಮೇಜಿನ ಮೇಲಿಟ್ಟು ಕೈಯಲ್ಲಿ ಸುತ್ತಿ, ಅಂಚನ್ನು ಬೆರಳ ನಡುವೆ ಹಾಯಿಸಿ, ಹರಿದ ಕಡೆ ಅಂಟು ಹಾಕಿ ಡಬ್ಬಿಗೆ ತುಂಬಿದ್ದ. ಆ ಕೆಲಸ ಮಾಡುವವರು ಅಂಚು ನೋಡುತ್ತಾರೆಯೇ ಹೊರತು ಚಿತ್ರ ನೋಡುವುದಿಲ್ಲ. ಹಾಗಾಗಿ ಕೊನೆಯ ಸುರುಳಿ ಇತ್ತು ಎಂದು ಅವನು ಹೇಳಬಲ್ಲ, ಅದರಲ್ಲಿ ಏನಿತ್ತು ಎಂದು ಹೇಳಲಾರ. ಬೆಳಿಗ್ಗೆ ಅತಿಥಿಗಳಾಗಿ ಬಂದ ಮೂವರು ನಟರೂ ಮೇಲೆ ಹೋಗಿ ಯಂತ್ರ ನೋಡಿ, ಕಾಫಿ ಕುಡಿದು ಇಳಿದಿದ್ದರು. ಆಮೇಲೆ ಡಬ್ಬಿ ತೆರೆದರೆ ಖಾಲಿ.

ಮ್ಯಾನೇಜರು ತಕ್ಷಣ ಗೇಟು ಹಾಕಿಸಿ ಎಲ್ಲರ ಚೀಲ ತಡಕಿಸಿದ್ದರು. ಏನೂ ಸಿಗಲಿಲ್ಲ. ಕೋಣೆಯ ಕೀಲಿ ಆಪರೇಟರ್ ಹತ್ತಿರ ಮಾತ್ರ ಇರುವುದರಿಂದ ಕಳ್ಳನೂ ಅವನೇ ಎಂದು ಅವರು ತೀರ್ಮಾನಿಸಿಯಾಗಿತ್ತು. ಕೊನೆಯ ರೀಲಿನ ಸರದಿ ಬರುವ ಹೊತ್ತಿಗೆ ಅದು ಯಂತ್ರದಲ್ಲಿ ಇರದಿದ್ದರೆ ಪೊಲೀಸರನ್ನು ಕರೆಸುತ್ತೇನೆ ಎಂದಿದ್ದರು. ಆಪರೇಟರಿನ ಸಂಸಾರ ಇರುವುದು ಚಿತ್ರಮಂದಿರದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಕೆಲಸ ಹೋದರೆ ಸೂರೂ ಹೋಯಿತು. ಅವನ ಹೆಂಡತಿ ಆಗಲೇ ಪಾತ್ರೆಗಳನ್ನು ಸೀರೆಯಲ್ಲಿ ಗಂಟು ಕಟ್ಟಲು ಶುರುಮಾಡಿದ್ದಳು.

ತಂಗಿಯ ಮಗಳು ಚಿಕ್ಕಂದಿನಲ್ಲಿ ಕೊಡೆ ಸಾಹೇಬನ ಆರೂ ಚಿತ್ರಗಳನ್ನು ನೋಡಿದ್ದು ಆ ಆಪರೇಟರ್ ಮಾವನ ಕೋಣೆಯ ಕಿಂಡಿಯಿಂದ. ಅವಳು ಅತ್ತು ಕರೆದು ದೊಡ್ಡಮ್ಮನನ್ನು ಎಳೆದು ತಂದಿದ್ದಳು. ದೊಡ್ಡಮ್ಮ ಆಪರೇಟರಿಗೆ ಒಂದು ಮಾತು ಕೊಟ್ಟಿದ್ದಳು.

"ನೀನು ಸುಮ್ಮನೆ ಓಡಿಸ್ತಾ ಇರು. ಕೊನೇ ರೀಲು ಹೊತ್ತಿಗೆ ಅದನ್ನ ತಂದು ನಿನ್ನ ಕೈಲಿಡ್ತೀನಿ."

ಆಗ ಮಾತು ಕೊಡುವುದು ಸುಲಭವಿತ್ತು. ಈ ಮೂವರನ್ನು ಅವಳು ಇನ್ನೂ ಭೇಟಿಯಾಗಿರಲಿಲ್ಲ.

ಮೊದಲನೆಯವರು ಅನುಮಾನದಣ್ಣ. ಆರು ಚಿತ್ರಗಳಲ್ಲೂ ಪ್ರೇಕ್ಷಕರು ಮೊದಲು ಅನುಮಾನಪಟ್ಟದ್ದು ಅವರನ್ನೇ, ಆರರಲ್ಲೂ ಅವರು ನಿರಪರಾಧಿ. ಹುಬ್ಬು ಕೂಡಿದ ಮುಖ ಇರುವುದೇ ಅದಕ್ಕೆ. ನಿಜ ಜೀವನದಲ್ಲೂ ಎಲ್ಲಾದರೂ ಏನಾದರೂ ಕಳೆದರೆ ಜನ ತಿರುಗಿ ನೋಡುತ್ತಿದ್ದದ್ದು ಅವರ ಕಡೆಗೇ. ಅಕ್ಕನ ಮಗಳ ಮದುವೆಯಲ್ಲಿ ವಧುವಿನ ಸರ ಕಾಣದಾದಾಗ ಸ್ವಂತ ಅಕ್ಕನೇ "ತಮ್ಮಾ, ಒಂದ್ಸಲ ಜೇಬು ನೋಡ್ಕೊ" ಅಂದಳಂತೆ. ಇಷ್ಟೆಲ್ಲ ಅನುಭವಿಸಿದ ಮೇಲೆ ಒಂದೇ ಒಂದು ಸಲ ನಿಜವಾದ ಕೊಲೆಗಾರನಾಗಬೇಕು ಎಂಬುದು ಅವರ ಆಸೆ.

ಎರಡನೆಯವರು ಎರಡನೇ ಸಾಹೇಬರು. ಮೊದಲ ನಾಲ್ಕು ಚಿತ್ರಗಳಲ್ಲಿ ಕೊಡೆ ಸಾಹೇಬನಾಗಿದ್ದ ನಟ ತೀರಿಕೊಂಡ ಮೇಲೆ ಆ ಪಾತ್ರಕ್ಕೆ ಬಂದವರು. ಎರಡನೇ ಎಂಬ ಪದ ಕಿವಿಗೆ ಬಿದ್ದರೆ ಅವರ ಕೂದಲಿನ ಬಣ್ಣವೂ ಕೆಂಪಾಗುತ್ತಿತ್ತು.

ಮೂರನೆಯವರು ಮನೆಯಮ್ಮ. ಸಾಹೇಬನಿಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟ ಮನೆಯೊಡತಿಯ ಪಾತ್ರ ಮಾಡುತ್ತಿದ್ದವರು. ಬಿಳಿ ಕೂದಲು, ಮೆತ್ತನೆಯ ದನಿ, ಮಡಿಲಲ್ಲಿ ಮಡಿಸಿದ ಶಾಲು. "ಕೊಂದದ್ದು ನಾನೇ" ಎಂದು ಕೊನೆಯಲ್ಲಿ ಹೇಳಿದವರು ಅವರು, ಅದೂ ಕಾಫಿ ಲೋಟ ನೋಡುತ್ತಾ.

ಮೂವರೂ ಹೇಳಿದ್ದು ಸುಳ್ಳಲ್ಲ, ಅದೇ ತಲೆನೋವು. ಗುಟ್ಟು ಬಯಲಾಗಬಾರದೆಂದು ಡೈರೆಕ್ಟರು ಪ್ರತಿಯೊಬ್ಬ ನಟನಿಗೂ ಒಂದೊಂದು ತಪ್ಪೊಪ್ಪಿಗೆಯ ಸೀನು ಬರೆದು, ಒಬ್ಬೊಬ್ಬರನ್ನೇ ಕರೆಸಿ, ಬಾಗಿಲು ಹಾಕಿ ಚಿತ್ರೀಕರಿಸುತ್ತಿದ್ದರಂತೆ. ಕೊನೆಗೆ ಯಾವುದನ್ನು ಚಿತ್ರಕ್ಕೆ ಸೇರಿಸುತ್ತಾರೆ ಎಂಬುದು ಅವರಿಗೊಬ್ಬರಿಗೇ ಗೊತ್ತು. ಏಳನೇ ಚಿತ್ರ ತೆರೆಗೆ ಬರಲೇ ಇಲ್ಲವಾದ್ದರಿಂದ ಇಷ್ಟು ವರ್ಷವೂ ಮೂವರೂ ತಾವೇ ಕೊಲೆಗಾರರೆಂಬ ಹೆಮ್ಮೆಯಲ್ಲಿ ಬದುಕಿದ್ದರು.

"ತನ್ನ ಸೀನು ಹೋಗಿ ಇನ್ನೊಬ್ಬರದು ಬಂದಿದೆ ಅಂತ ಗೊತ್ತಾದವರು ಅದನ್ನ ಮುಚ್ಚಿಟ್ಟಿರಬಹುದು," ಎಂದಳು ದೊಡ್ಡಮ್ಮ. "ಬೆಳಿಗ್ಗೆ ಮೇಲಿಂದ ಕೊನೆಯಲ್ಲಿ ಇಳಿದವರು ಯಾರು?"

ಇದಕ್ಕೆ ಉತ್ತರವಾಗಿ ಅವಳಿಗೆ ಸಿಕ್ಕಿದ್ದು ಎರಡನೇ ಚಿತ್ರದ ನಾಯಿಯ ಕತೆ. ಆ ನಾಯಿಗೆ ಮೆಟ್ಟಿಲು ಇಳಿಯಲು ಬರುತ್ತಿರಲಿಲ್ಲವಂತೆ, ಹತ್ತಿಸಿದ ಮೇಲೆ ಲೈಟಿನವರು ಹೊತ್ತು ಇಳಿಸುತ್ತಿದ್ದರಂತೆ. ಇಳಿದವರು ಎಂದದ್ದಕ್ಕೆ ಅನುಮಾನದಣ್ಣನಿಗೆ ಅದು ನೆನಪಾಗಿತ್ತು. ಎರಡನೇ ಸಾಹೇಬರು ನಾಯಿ ಬಂದದ್ದು ಎರಡರಲ್ಲಲ್ಲ, ಮೂರರಲ್ಲಿ ಎಂದರು. ಅದಕ್ಕೆ ಅನುಮಾನದಣ್ಣ, "ನೀವು ಆಗ ಇನ್ನೂ ಹುಟ್ಟಿರಲಿಲ್ಲ ಬಿಡಿ" ಎಂದರು. ಸಾಹೇಬರು ತಮ್ಮ ವಯಸ್ಸಿನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಎಷ್ಟೋ ಕಾಲದಿಂದ ಕೇಳಿರಲಿಲ್ಲವಾಗಿ, ಸಿಟ್ಟಾಗಬೇಕೋ ಬೇಡವೋ ತಿಳಿಯದೆ ಕೂದಲು ಸವರಿಕೊಂಡರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೀಗೇ ಬೆಳಗಿನಿಂದ.

ಸ್ವಂತ ತಂಗಿಯ ಮಗಳೂ ಕಡಿಮೆಯಿರಲಿಲ್ಲ. ಒಳಗೆ ಬರುವಾಗಲೇ ಹಜಾರದ ಗಾಜಿನ ಕಪಾಟಿನ ಮುಂದೆ ಕಂಬದಂತೆ ನಿಂತುಬಿಟ್ಟಿದ್ದಳು. ಕಪಾಟಿನಲ್ಲಿ ಚಿತ್ರಗಳಲ್ಲಿ ಬಳಸಿದ ಸಾಮಾನುಗಳನ್ನು ಜೋಡಿಸಿದ್ದರು. ಬೆಳಿಗ್ಗೆ ನಟರ ಕೈಯಿಂದಲೇ ಇಡಿಸಿದ್ದರಂತೆ. ಎರಡನೇ ಸಾಹೇಬರ ಕೊಡೆ, ಅನುಮಾನದಣ್ಣನ ಅಂಟುಗಡ್ಡ, ಮನೆಯಮ್ಮ ಪ್ರತಿ ಚಿತ್ರದಲ್ಲೂ ಸಾಹೇಬನಿಗೆ ಹಿಡಿದು ತರುತ್ತಿದ್ದ ಹೂವಿನ ಚಿತ್ತಾರದ ಬಿಸ್ಕತ್ತು ಡಬ್ಬಿ. ಆ ಡಬ್ಬಿ ನಿಜಕ್ಕೂ ಬಿಸ್ಕತ್ತಿನದಲ್ಲವೆಂದೂ, ಹಳೆಯ ಫಿಲ್ಮ್ ಡಬ್ಬಿಗೆ ಬಣ್ಣ ಬಳಿದದ್ದೆಂದೂ, ಒಳಗಿನ ತುಕ್ಕು ಕಾಣಬಾರದೆಂದು ಯಾವ ಚಿತ್ರದಲ್ಲೂ ಅದರ ಮುಚ್ಚಳ ತೆರೆಯುವುದಿಲ್ಲವೆಂದೂ ಅವಳು ಹೇಳತೊಡಗಿದಾಗ ದೊಡ್ಡಮ್ಮ ಗದರಿದ್ದಳು. "ಇನ್ನೊಂದು ಸಿನಿಮಾ ಮಾತು ಆಡಿದ್ರೆ ನಿನ್ನ ಬಸ್ಸು ಹತ್ತಿಸಿ ಅಮ್ಮನ ಹತ್ರ ಕಳಿಸ್ತೀನಿ."

ಹುಡುಗಿ ಅಂದಿನಿಂದ, ಎಂದರೆ ಬೆಳಗಿನಿಂದ, ಮುಖ ಊದಿಸಿಕೊಂಡು ಬಾಗಿಲ ಬಳಿ ನಿಂತಿದ್ದಳು.

ಗೋಡೆಯಾಚೆ ಏನೋ ಒಡೆದ ಸದ್ದು, ಹೆಂಗಸೊಬ್ಬಳ ಚೀರು, ಜನರ ಉದ್ಗಾರ. ಮ್ಯಾನೇಜರು ಕತ್ತು ತೂರಿಸಿ, ಇನ್ನುಳಿದದ್ದು ಯಂತ್ರದಲ್ಲಿ ಓಡುತ್ತಿರುವುದು ಮತ್ತು ಅದರ ಮುಂದಿನದು, ಎರಡೇ ಎಂದು ಹೇಳಿ ಹೋದರು. ಅದರಾಚೆಗೆ ಖಾಲಿ ಡಬ್ಬಿ.

ದೊಡ್ಡಮ್ಮ ಇನ್ನೊಮ್ಮೆ ಯತ್ನಿಸಿದಳು. ಈ ಕತೆಯಾದರೂ ಏನು, ಯಾರನ್ನು ಕೊಂದದ್ದು ನೀವೆಲ್ಲ, ಎಂದು ಕೇಳಿದಳು.

ಕೆರೆಯಲ್ಲಿ ಒಂದು ಹೆಣ ಸಿಗುತ್ತದೆ, ಅದನ್ನು ದೋಣಿಯಿಂದ ತಳ್ಳಿದವರು ಯಾರು ಎಂಬುದೇ ಕತೆ ಎಂದರು ಅನುಮಾನದಣ್ಣ. ಎರಡನೇ ಸಾಹೇಬರು ದನಿ ತಗ್ಗಿಸಿ, ಡೈರೆಕ್ಟರು ಅಂಥ ಕತೆ ಆರಿಸಬಾರದಿತ್ತು ಎಂದರು. ಮೊದಲ ಸಾಹೇಬರು ಸತ್ತದ್ದೂ ಹಾಗೆಯೇ. ನಾಲ್ಕನೇ ಚಿತ್ರ ಮುಗಿದ ಹೊಸತರಲ್ಲಿ ದೋಣಿ ಮಗುಚಿತು. ಹೆಣ ಸಿಕ್ಕಾಗ ಮುಖ ಗುರುತು ಸಿಗುವಂತಿರಲಿಲ್ಲ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಜತೆಯಲ್ಲಿ ನಟಿಸುತ್ತಿದ್ದ ಮನೆಯಮ್ಮನೇ ಹೋಗಿ ಮೈಮೇಲಿನ ಕೋಟು ನೋಡಿ ಗುರುತು ಹಿಡಿದದ್ದು. ಹಿಡಿಕೆಯಲ್ಲಿ ಚಕ್ಕೆ ಎದ್ದ ಅವರ ಪ್ರಸಿದ್ಧ ಕೊಡೆ ಮಾತ್ರ ಸಿಗಲೇ ಇಲ್ಲ. ಅದು ಇವತ್ತಿಗೂ ಆ ಕೆರೆಯ ತಳದಲ್ಲಿದೆ.

ಮನೆಯಮ್ಮ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

"ಅಯ್ಯೋ ಪಾಪ," ಎಂದಳು ದೊಡ್ಡಮ್ಮ. "ಐದು ಚಿತ್ರ ಮಾಡಿ ಸತ್ತರಲ್ಲ."

"ನಾಲ್ಕು," ಎಂದರು ಮೂವರೂ. ಬಾಗಿಲಿನಿಂದ ನಾಲ್ಕನೆಯ ದನಿಯೂ ಬಂತು.

ದೊಡ್ಡಮ್ಮ ಬಾಯಿ ತೆರೆದಳು. ಬೈಗುಳ ನಾಲಿಗೆ ತುದಿಯವರೆಗೆ ಬಂದು ಅಲ್ಲೇ ನಿಂತಿತು.

ಬೆಳಗಿನಿಂದ ಅವಳು ಕೇಳಿದ ಒಂದು ಪ್ರಶ್ನೆಗೂ ಈ ಜನ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ. ಆದರೆ ಅವಳು ಆಡಿದ ಒಂದು ತಪ್ಪನ್ನೂ ತಿದ್ದದೆ ಬಿಟ್ಟಿರಲಿಲ್ಲ. ಕೋಟಿನ ಬಣ್ಣ ತಪ್ಪಿದರೆ ತಿದ್ದಿದ್ದರು. ನಾಯಿಯ ಹೆಸರು ತಪ್ಪಿದರೆ ತಿದ್ದಿದ್ದರು. ನಡುವೆ ಕಾಫಿ ತಂದವನು ಕೂಡ ಒಂದನ್ನು ತಿದ್ದಿ ಹೋಗಿದ್ದ. ಇವರಿಗೆ ಪ್ರಶ್ನೆ ಹಾಕುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಇವರ ಮುಂದೆ ತಪ್ಪು ಹೇಳಬೇಕು.

ದೊಡ್ಡಮ್ಮ ಸೋತವಳಂತೆ ಕುರ್ಚಿಗೆ ಒರಗಿದಳು.

"ಹೋಗ್ಲಿ ಬಿಡಿ. ರೀಲು ಸಿಕ್ಕದಿದ್ರೂ ಅದರಲ್ಲಿ ಏನಿತ್ತು ಅಂತ ಗೊತ್ತಾಗಿದೆ. ನಿನ್ನೆ ಸುತ್ತುವಾಗ ಆಪರೇಟರ್ ಒಂಚೂರು ಬೆಳಕಿಗೆ ಹಿಡಿದು ನೋಡಿದ್ನಂತೆ. ಕೊಲೆ ಮಾಡಿದೋರು ಕಿಟಕಿ ಹತ್ರ ನಿಂತಿದ್ದಾರೆ, ಕೊಡೆ ಬಿಚ್ಚಿ ಹಿಡ್ಕೊಂಡು."

ಎರಡನೇ ಸಾಹೇಬರ ಮುಖ ಅರಳಿತು. ಹಾಗಾದರೆ ಅದು ತಾವೇ ಎಂದರು. ಕೊಡೆ ಬಿಚ್ಚುವ ಸಾಹೇಬ ತಾವೊಬ್ಬರೇ. ಮೊದಲಿನವರು ಒಂದು ಸಲವೂ ಬಿಚ್ಚಿದವರಲ್ಲ. ಐದನೇ ಚಿತ್ರದಲ್ಲಿ ತಾವು ಬಂದ ಮೊದಲ ದೃಶ್ಯದಲ್ಲೇ ಬಿಚ್ಚಿದಾಗ ಜನ ಎದ್ದು ನಿಂತಿದ್ದರು.

"ಚಪ್ಪಲಿ ಹುಡುಕೋಕೆ," ಎಂದರು ಅನುಮಾನದಣ್ಣ. ಆದರೆ ಅವರ ದನಿಯಲ್ಲಿ ಕಸುವಿರಲಿಲ್ಲ. ಅವರ ಸೀನಿನಲ್ಲಿ ಕೊಡೆಯೇ ಇರಲಿಲ್ಲ, ಬರೀ ಒಂದು ಕುರ್ಚಿ. ಹಾಗಾದರೆ ಏಳನೆಯದರಲ್ಲೂ ತಾನು ನಿರಪರಾಧಿ. ಕೂಡಿದ ಹುಬ್ಬುಗಳು ನಿಧಾನವಾಗಿ ಬೇರೆಯಾದವು.

"ಬಿಚ್ಚಿರಲಿಲ್ಲ."

ಹೇಳಿದ್ದು ಮನೆಯಮ್ಮ. ಮೆತ್ತಗಿನ ದನಿಯಲ್ಲಿ ಒಂದು ಗೀರು ಮೂಡಿತ್ತು, ಮನೆಯವರನ್ನು ಯಾರೋ ಹಗುರವಾಗಿ ಆಡಿಕೊಂಡಾಗ ಮೂಡುತ್ತದಲ್ಲ, ಅಂಥದು.

"ಕೊಡೆ ಮುಚ್ಚೇ ಇತ್ತು. ನಿಂತೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ರು, ಮೊಣಕಾಲ ಮೇಲೆ ಅಡ್ಡ ಇಟ್ಕೊಂಡು. ಮನೆಯೊಳಗೆ ಕೊಡೆ ಬಿಚ್ಚೋ ಮನುಷ್ಯರಾ ಅವ್ರು?"

ಪಂಜರದ ಗಿಳಿ ಮಾತಾಡಿತ್ತು.

ಮನೆಯಮ್ಮನ ಸ್ವಂತ ತಪ್ಪೊಪ್ಪಿಗೆ ನಡೆದದ್ದು ಅಡುಗೆಮನೆಯಲ್ಲಿ, ಒಲೆಯ ಮುಂದೆ. ಅದನ್ನು ಅವರೇ ಬೆಳಿಗ್ಗೆ ಹೇಳಿದ್ದರು. ಉಳಿದವರ ಸೀನುಗಳನ್ನು ಯಾರೂ ನೋಡಿರಲಿಲ್ಲ. ಹಾಗಾದರೆ ಮೆಟ್ಟಿಲ ಮೇಲೆ ಯಾರು ಕೂತದ್ದನ್ನು ಇವರು ನೋಡಿದ್ದರು?

ಗಂಡಸರಿಬ್ಬರೂ ಆಗಲೇ ಚಪ್ಪಲಿಯ ವಿಷಯಕ್ಕೆ ಜಗಳ ಹಿಡಿದಿದ್ದರು. ಅವರಿಗೆ ಏನೂ ಹೊಳೆಯಲಿಲ್ಲ. ಮನೆಯಮ್ಮನಿಗೆ ಮಾತ್ರ ತಾನು ಏನು ಆಡಿದೆ ಎಂಬುದು ಆಡಿ ಮುಗಿದ ಮೇಲೆ ತಿಳಿಯಿತು. ಲೋಟ ಕೆಳಗಿಟ್ಟರು.

"ಸ್ವಲ್ಪ ಹೊರಗೆ ಬರ್ತೀರಾ ಅಮ್ಮಾ?" ಎಂದಳು ದೊಡ್ಡಮ್ಮ.

ಹಜಾರ ಖಾಲಿಯಿತ್ತು. ಜನವೆಲ್ಲ ಒಳಗೆ. ಕಸ ಗುಡಿಸುವವಳು ದೂರದ ಮೂಲೆಯಲ್ಲಿ ಟಿಕೆಟ್ ಚೂರುಗಳನ್ನು ಒಟ್ಟು ಮಾಡುತ್ತಿದ್ದಳು. ದೊಡ್ಡಮ್ಮ ಬೆಂಚು ತೋರಿಸಿದರೂ ಮನೆಯಮ್ಮ ಕೂರಲಿಲ್ಲ.

ಗೇಟಿನಲ್ಲಿ ಎಲ್ಲರ ಚೀಲ ನೋಡಿದ್ದರು. ಕಟ್ಟಡದಾಚೆ ಏನೂ ಹೋಗಿಲ್ಲ. ಮೇಲಿನಿಂದ ಶಾಲಿನಡಿ ಸುರುಳಿ ಇಟ್ಟುಕೊಂಡು ಇಳಿದ ವಯಸ್ಸಾದ ಹೆಂಗಸು ಅದನ್ನು ಎಲ್ಲಿ ಇಟ್ಟಾಳು? ದೊಡ್ಡಮ್ಮನ ಕಣ್ಣು ಗಾಜಿನ ಕಪಾಟಿನ ಮೇಲ್ಗಡೆಯಿಂದ ಕೆಳಕ್ಕಿಳಿಯಿತು. ಕೊಡೆ. ಗಡ್ಡ. ಡಬ್ಬಿ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಳು.

"ಏ, ಇವಳೇ," ಎಂದು ಹಿಂದೆ ಬಂದಿದ್ದ ತಂಗಿಯ ಮಗಳನ್ನು ಕರೆದಳು. "ಆ ಡಬ್ಬಿ ವಿಷಯ ಬೆಳಿಗ್ಗೆ ಏನೋ ಹೇಳ್ತಿದ್ದೆಯಲ್ಲ."

"ಹೇಳಿದ್ರೆ ಬಸ್ಸು ಹತ್ತಿಸ್ತೀನಿ ಅಂದ್ರಿ."

"ಈಗ ಹೇಳದಿದ್ರೆ ಹತ್ತಿಸ್ತೀನಿ."

"ಅದು ಫಿಲ್ಮ್ ಡಬ್ಬಿ. ಬಣ್ಣ ಬಳಿದಿದ್ದು. ಯಾವ ಚಿತ್ರದಲ್ಲೂ ಯಾರೂ ಮುಚ್ಚಳ..." ಹುಡುಗಿಯ ಮಾತು ಅಲ್ಲಿಗೇ ನಿಂತಿತು. ಅವಳು ಡಬ್ಬಿಯನ್ನು ನೋಡಿದಳು, ಮನೆಯಮ್ಮನನ್ನು ನೋಡಿದಳು. ಚಿಕ್ಕಂದಿನಿಂದ ಪರದೆಯ ಮೇಲೆ ಕಂಡ ಮುಖ ಅದು. ಅವಳ ಕಣ್ಣು ತುಂಬಿತು.

ದೊಡ್ಡಮ್ಮ ಕಪಾಟಿನ ಕಡೆ ಹೆಜ್ಜೆ ಹಾಕಿದಳು. ಮನೆಯಮ್ಮ ಅಡ್ಡ ನಿಂತರು. ತಡೆಯುವಷ್ಟು ಶಕ್ತಿಯೇನೂ ಆ ಮೈಯಲ್ಲಿರಲಿಲ್ಲ. ಆದರೂ ನಿಂತರು.

ಆ ಚಿತ್ರ ಬಿಡುಗಡೆ ಆಗದಂತೆ ಡೈರೆಕ್ಟರ ಕಾಲು ಹಿಡಿದವಳು ತಾನೇ ಎಂದು ಅವರು ಹೇಳಿದರು. ಡೈರೆಕ್ಟರು ಒಪ್ಪಿದ್ದರು. ಸುಟ್ಟುಬಿಟ್ಟೆ ಎಂದೂ ಹೇಳಿದ್ದರು. ಸುಟ್ಟಿರಲಿಲ್ಲ. ಈ ಉಗ್ರಾಣದಲ್ಲಿ ಡಬ್ಬಿಗಳು ಸಿಕ್ಕವೆಂಬ ಸುದ್ದಿ ಬಂದಂದಿನಿಂದ ತನಗೆ ಅನ್ನ ಸೇರಿಲ್ಲ, ನಿದ್ದೆ ಹತ್ತಿಲ್ಲ.

"ಕದಿಯಬೇಕು ಅಂತ ಕದ್ದಿದ್ದಲ್ಲ ಕಣಮ್ಮ. ಮೊದಲಿಂದಲೂ ಡಬ್ಬಿ ಖಾಲಿ ಇತ್ತು ಅಂದ್ಕೋತಾರೆ, ಅಷ್ಟೇ ಅಂದ್ಕೊಂಡೆ. ಹಳೇ ಸಿನಿಮಾ, ಕೊನೇ ರೀಲು ಕಳೆದೋಗಿದೆ ಅಂತ ಜನ ಒಂದು ದಿನ ಬೈದು ಸುಮ್ಮನಾಗ್ತಾರೆ."

"ಜನ ಸುಮ್ಮನಾಗ್ತಾರೆ. ಮ್ಯಾನೇಜರು ಸುಮ್ಮನಾಗಲ್ಲ," ಎಂದಳು ದೊಡ್ಡಮ್ಮ. "ಆಟ ಮುಗಿದ ಕೂಡಲೇ ಆಪರೇಟರನ್ನ ಪೊಲೀಸಿಗೆ ಕೊಡ್ತಾರೆ. ಅಲ್ಲಿ ನೋಡಿ."

ಮೆಟ್ಟಿಲ ಕೆಳಗಿನ ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲ ಮೇಲೆ ಸೀರೆಯಲ್ಲಿ ಕಟ್ಟಿದ ಗಂಟೊಂದು ಕೂತಿತ್ತು. ಗಂಟಿನ ಬಾಯಿಂದ ಸೌಟಿನ ಹಿಡಿ ಹೊರಗೆ ಚಾಚಿತ್ತು.

ಮನೆಯಮ್ಮ ಆ ಗಂಟನ್ನೇ ನೋಡುತ್ತಾ ನಿಂತರು. ಒಳಗೆ ಪರದೆಯ ಮೇಲೆ ಎರಡನೇ ಸಾಹೇಬರ ಹರೆಯದ ದನಿ ಎಲ್ಲರನ್ನೂ ಒಂದು ಕೋಣೆಗೆ ಕರೆಯುತ್ತಿತ್ತು. ಪತ್ತೇದಾರಿ ಚಿತ್ರಗಳಲ್ಲಿ ಎಲ್ಲರನ್ನೂ ಒಂದು ಕೋಣೆಗೆ ಕರೆದರೆಂದರೆ ಕತೆ ಮುಗಿಯುತ್ತಾ ಬಂತು ಎಂದರ್ಥ. ಅಷ್ಟು ದೊಡ್ಡಮ್ಮನಿಗೂ ಗೊತ್ತಿತ್ತು.

"ಅದರಲ್ಲಿ ಏನಿದೆ ಅಮ್ಮಾ? ಮೆಟ್ಟಿಲ ಮೇಲೆ ಕೂತಿರೋದು ಯಾರು?"

ಮನೆಯಮ್ಮ ತಿರುಗಿ ಕಪಾಟಿನ ಗಾಜು ಸರಿಸಿದರು. ಡಬ್ಬಿಯನ್ನು ಎರಡೂ ಕೈಯಲ್ಲಿ, ಚಿತ್ರಗಳಲ್ಲಿ ಸಾಹೇಬನಿಗೆ ಹಿಡಿದು ತರುತ್ತಿದ್ದಂತೆಯೇ ಎತ್ತಿ, ಸೊಂಟಕ್ಕೆ ಆನಿಸಿ, ಮುಚ್ಚಳ ತೆಗೆದರು. ಯಾವ ಚಿತ್ರದಲ್ಲೂ ತೆರೆಯದ ಮುಚ್ಚಳ. ಒಳಗೆ ಕಪ್ಪು ಸುರುಳಿ ಹಾವಿನಂತೆ ಮಲಗಿತ್ತು.

"ಒಬ್ಬರ ಜಾಗದಲ್ಲಿ ಇನ್ನೊಬ್ಬರು ಹೋಗಿದ್ದು ಒಂದು ಸಲ ಸಾಕು," ಎಂದರು. "ತಗೊಂಡು ಹೋಗು ಮಗಳೇ. ಓಡು."

ತಂಗಿಯ ಮಗಳು ಓಡಿದಳು.

ದೊಡ್ಡಮ್ಮ ಮತ್ತು ಮನೆಯಮ್ಮ ಹಿಂಬಾಗಿಲ ದಪ್ಪ ಪರದೆ ಸರಿಸಿ ಒಳಗೆ ನಿಂತರು. ಚಪ್ಪಲಿ ಜಗಳ ಅರ್ಧಕ್ಕೆ ಬಿಟ್ಟು ಗಂಡಸರಿಬ್ಬರೂ ಬಂದು ಅವರ ಪಕ್ಕದಲ್ಲಿ ನಿಂತರು. ತಮ್ಮ ಮುಖ ಪರದೆಗೆ ಬರುವುದನ್ನು ಬೇರೆ ಯಾರಿಗಿಂತ ಮೊದಲು ತಾವು ನೋಡಬೇಕು ಎಂಬ ಆತುರ ಇಬ್ಬರಿಗೂ.

ಪರದೆ ಕಪ್ಪಾಯಿತು. ಜನ ಕಾದರು. ಒಬ್ಬ ಶಿಳ್ಳೆ ಹಾಕಿದ. ಇನ್ನೊಬ್ಬ, ರೀಲು ನುಂಗಿದ್ಯಾರಪ್ಪೋ ಎಂದು ಕೂಗಿದ. ಮ್ಯಾನೇಜರು ಮೇಲಿನ ಮೆಟ್ಟಿಲಿನತ್ತ ದಾಪುಗಾಲು ಹಾಕುತ್ತಿದ್ದದ್ದು ಕತ್ತಲಲ್ಲೂ ಕಂಡಿತು. ದೊಡ್ಡಮ್ಮನಿಗೆ ದೇವರಲ್ಲಿ ಅಂಥ ನಂಬಿಕೆಯಿರಲಿಲ್ಲ. ಯಂತ್ರಗಳಲ್ಲಿ ಇನ್ನೂ ಕಡಿಮೆ. ಆದರೂ ಎರಡಕ್ಕೂ ಒಂದು ಮಾತು ಹಾಕಿದಳು.

ಮೇಲಿನ ಕಿಂಡಿಯಲ್ಲಿ ಬೆಳಕು ಹೊತ್ತಿತು. ಧೂಳಿನ ನಡುವೆ ಬಿಳಿಯ ಕೋಲೊಂದು ಉದ್ದಕ್ಕೆ ಚಾಚಿ ಪರದೆಯನ್ನು ಮುಟ್ಟಿತು.

ಸುರುಳಿ ಮೆಟ್ಟಿಲು. ಅದರ ಕೆಳಗಿನ ಮೆಟ್ಟಿಲ ಮೇಲೆ ಒಬ್ಬರು ತಲೆ ತಗ್ಗಿಸಿ ಕೂತಿದ್ದರು. ಮೊಣಕಾಲ ಮೇಲೆ ಅಡ್ಡಲಾಗಿ ಮುಚ್ಚಿದ ಕೊಡೆ. ಹಿಡಿಕೆಯಲ್ಲಿ ಒಂದು ಚಕ್ಕೆ ಎದ್ದಿತ್ತು. ಅವರು ನಿಧಾನವಾಗಿ ತಲೆ ಎತ್ತಿದರು.

ಇಡೀ ಸಭಾಂಗಣ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಚಪ್ಪಾಳೆ, ಶಿಳ್ಳೆ, ಹಿಂದಿನ ಸಾಲಿನ ಮುದುಕರು ಎದ್ದೇ ನಿಂತರು. ಮೊದಲ ಸಾಹೇಬರು. ಹಳೆಯ ಯಾವುದೋ ತುಣುಕನ್ನು ಜಾಣ ಡೈರೆಕ್ಟರು ತಂದು ಕೊನೆಗೆ ಸೇರಿಸಿದ್ದಾರೆ ಎಂದು ಜನ ಕೊಂಡಾಡಿದರು.

"ಅಲ್ಲ," ಎಂದರು ಅನುಮಾನದಣ್ಣ. ಅವರಿಗೆ ತಮ್ಮ ಸೀನು ಹೋದದ್ದೂ ಮರೆತುಹೋಗಿತ್ತು. "ಹಳೇದಲ್ಲ ಇದು. ಆ ಮೆಟ್ಟಿಲು ಕಟ್ಟಿಸಿದ್ದು ಏಳನೇ ಚಿತ್ರಕ್ಕೆ. ಅದರ ಬಣ್ಣ ಒಣಗೋ ಮೊದಲು ಕೂತು ನನ್ನ ಪಂಚೆ ಹಾಳಾಯ್ತು. ಸಾಹೇಬ್ರು ಸತ್ತು ಅಷ್ಟೊತ್ತಿಗೆ ಎಷ್ಟೋ ವರ್ಷ ಆಗಿತ್ತು. ನೋಡಿ, ತಲೆ ಬೆಳ್ಳಗಾಗಿದೆ."

ಬೆಳಗಿನಿಂದ ಕಿವಿಗೆ ಬಿದ್ದ ಸಿನಿಮಾ ಮಾತುಗಳಲ್ಲಿ ದೊಡ್ಡಮ್ಮ ಮನಸ್ಸಿಟ್ಟು ಕೇಳಿದ್ದು ಇದೊಂದೇ. ಕೆರೆಯ ತಳದಲ್ಲಿರಬೇಕಾದ ಕೊಡೆಯನ್ನು ಎರಡನೇ ಸಾಹೇಬರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಪರದೆಯ ಮೇಲಿನ ಮನುಷ್ಯ ಮಾತಾಡತೊಡಗಿದರು. ನಾಲ್ಕು ಚಿತ್ರಗಳಲ್ಲಿ ಕೇಳಿದ್ದ ಗತ್ತಿನ ದನಿ ಅದಾಗಿರಲಿಲ್ಲ.

"ಕೋಟು ನನ್ನದು. ಹೆಣ ನನ್ನದಲ್ಲ. ದೋಣಿಯಲ್ಲಿ ಇಬ್ಬರಿದ್ವಿ. ಚಳಿ ಅಂತ ಅವನಿಗೆ ನಾನೇ ಕೋಟು ಹೊದಿಸಿದ್ದೆ. ಆಮೇಲೆ ತಳ್ಳಿದ್ದೂ ನಾನೇ. ನಾನು ಸತ್ತೆ ಅಂತ ಊರೆಲ್ಲ ಅತ್ತಿತು. ಅವನಿಗೋಸ್ಕರ ಯಾರು ಅತ್ತರೋ ಗೊತ್ತಿಲ್ಲ. ಅವನು ಯಾರು ಅಂತ ಇವತ್ತಿನವರೆಗೆ ಒಬ್ಬರೂ ಕೇಳಲಿಲ್ಲ."

ಜನ ಮೈಮರೆತು ಚಪ್ಪಾಳೆ ತಟ್ಟಿದರು. ಏನು ನಟನೆ, ಏನು ನಟನೆ ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಈ ಮಾತು ಬರೆದೋರು ಯಾರು?" ಎಂದು ದೊಡ್ಡಮ್ಮ ಪಿಸುಗುಟ್ಟಿದಳು.

"ಯಾರೂ ಬರೆದಿದ್ದಲ್ಲ," ಎಂದರು ಮನೆಯಮ್ಮ. "ಕ್ಯಾಮೆರಾ ಓಡ್ತಿತ್ತು. ಅವರೇ ಹೇಳಿದ್ರು. ಒಂದೇ ಟೇಕು."

ಪರದೆಯ ಮೇಲೆ ಅವರು ಎದ್ದು, ಕೊಡೆ ಊರಿಕೊಂಡು, ಕತ್ತಲೆಯ ಕಡೆ ನಡೆದರು. ಪರದೆ ಬಿಳಿಯಾಯಿತು. ಮೇಲೆ ಸುರುಳಿಯ ಬಾಲ ಟಪ್ ಟಪ್ ಎಂದು ಬಡಿದು ನಿಂತಿತು. ಕಿಂಡಿಯಲ್ಲಿ ಆಪರೇಟರಿನ ಬೆವೆತ ಮುಖ ಕಂಡಿತು, ಅದರ ಪಕ್ಕ ತಂಗಿಯ ಮಗಳದು. ದೊಡ್ಡಮ್ಮ ಕೊಟ್ಟ ಮಾತು ಪೂರೈಸಿತ್ತು. ಮೆಟ್ಟಿಲ ಕೆಳಗೆ ಯಾರೋ ಪಾತ್ರೆಗಳ ಗಂಟು ಬಿಚ್ಚುವ ಸದ್ದು ಕೇಳಿಸಿತು.

ಮ್ಯಾನೇಜರು ವೇದಿಕೆಯಿಂದ ಮೂವರು ನಟರನ್ನೂ ಕರೆಯುತ್ತಿದ್ದರು. ಮನೆಯಮ್ಮ ಶಾಲನ್ನು ಹೆಗಲಿಗೆಳೆದುಕೊಂಡು ಹೊರಬಾಗಿಲ ಕಡೆ ತಿರುಗಿದರು. ದೊಡ್ಡಮ್ಮ ಅವರ ತೋಳು ಹಿಡಿದಳು.

"ಬಿಡಮ್ಮ, ಹೊತ್ತಾಯ್ತು. ನಮ್ಮನೆ ಮಹಡಿ ಕಿಟಕಿಯಲ್ಲೇ ಸಾಹೇಬ್ರು ಕಾಯ್ತಾ ಕೂತಿರ್ತಾರೆ," ಎಂದರು ಅವರು. "ಕೊನೇ ರೀಲು ಹಾಕಿದ್ರಾ ಅಂತ ಕೇಳ್ತಾರೆ. ಏನು ಹೇಳಲಿ?"